ಬಸುರಿಯ ಆಯಾಸ

ಬಸುರಿಯಾದವಳಿಗೆ ಆಯಾಸ, ಮಲಬದ್ಧತೆ, ಮೈಭಾರ ಇವೆಲ್ಲ ಸಹಜವೆಂದೇ ನಾವು ಭಾವಿಸುತ್ತೇವೆ. ಬಹುಮಟ್ಟಿಗೆ ಅದು ನಿಜವೂ ಹೌದು. ಆದರೆ ಇವೇ ಲಕ್ಷಣಗಳ ಮರೆಯಲ್ಲಿ ಥೈರಾಯಿಡ್ ಗ್ರಂಥಿಯ ಮಾಂದ್ಯವೂ ಅಡಗಿರಬಹುದು.

ಕೊರಳಿನ ಮುಂಭಾಗದಲ್ಲಿರುವ ಈ ಗ್ರಂಥಿಯು ಅಯೊಡಿನ್ನನ್ನು ಬಳಸಿ ಥೈರಾಕ್ಸಿನ್ ಎಂಬ ರಸವನ್ನು ತಯಾರಿಸುತ್ತದೆ. ಶಿಶುವಿನ ಮಿದುಳು ಬೆಳೆಯಲು ಇದು ಅತ್ಯವಶ್ಯಕ. ಮೊದಲ 12 ವಾರಗಳಷ್ಟು ಕಾಲ ಶಿಶುವು ಇದನ್ನು ತಾನೇ ತಯಾರಿಸಲಾರದು, ತಾಯಿಯಿಂದಲೇ ಪಡೆಯಬೇಕು. ತಾಯಿಯಲ್ಲಿಯೇ ತೀವ್ರವಾದ ಕೊರತೆಯಿದ್ದು ಚಿಕಿತ್ಸೆಯಾಗದಿದ್ದರೆ ಗರ್ಭಸ್ರಾವ, ಅಕಾಲಪ್ರಸವ, ರಕ್ತದ ಒತ್ತಡದ ಏರಿಕೆ, ಕೂಸಿನ ಬುದ್ಧಿಯ ಕುಂಠನ ಇವುಗಳ ಭಯವುಂಟು.

ಪರಿಹಾರವು ದುರ್ಲಭವಲ್ಲ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರೆ ಎಂಬ ವೈದ್ಯರು ಕುರಿಯ ಗ್ರಂಥಿಯ ಸಾರವನ್ನು ಚುಚ್ಚಿ ಇಂಥ ರೋಗಿಯೊಬ್ಬಳಿಗೆ ಚಿಕಿತ್ಸೆ ಮಾಡಿದರು, ಅವಳು ಚೇತರಿಸಿಕೊಂಡಳು. ಇಂದು ಲೆವೊಥೈರಾಕ್ಸಿನ್ ಗುಳಿಗೆಯೇ ಸಾಕು. ಇದನ್ನು ಬರಿಯ ಹೊಟ್ಟೆಯಲ್ಲಿ ನುಂಗಬೇಕು. ಕಬ್ಬಿಣ, ಸುಣ್ಣದಂಶಗಳ ಗುಳಿಗೆಗಳಿಗೂ ಇದಕ್ಕೂ 4 ಗಂಟೆಗಳ ಅಂತರವಿರಬೇಕು.

“ಬಸುರಿಗೆ ಔಷಧವೇಕೆ?” ಎಂದು ಮನೆಯ ಹಿರಿಯರು ಇದನ್ನು ನಿಲ್ಲಿಸುವುದುಂಟು. ಅದು ತಪ್ಪು. ಮೊದಲಿಂದ ಗುಳಿಗೆ ಸೇವಿಸುತ್ತಿದ್ದವರಿಗೆ ಗರ್ಭ ನಿಂತೊಡನೆ ಪ್ರಮಾಣವನ್ನು ಹೆಚ್ಚಿಸಬೇಕಾಗುವುದೇ ಸಾಮಾನ್ಯ. ಅದನ್ನು ವೈದ್ಯರು ನಿರ್ಧರಿಸುವರು.

ಆದುದರಿಂದ ಆಯಾಸವನ್ನು ಕೇಳಿ ಸುಮ್ಮನಾಗದೆ, ವೈದ್ಯರನ್ನು ಬೇಗನೆ ಕಂಡು ಟಿ.ಎಸ್.ಎಚ್. ಎಂಬ ರಕ್ತಪರೀಕ್ಷೆಯನ್ನು ಮಾಡಿಸೋಣ. ಹುಟ್ಟಲಿರುವ ಕೂಸಿಗೆ ನಾವು ಕಟ್ಟುವ ಮೊದಲ ರಕ್ಷೆ ಅದೇ.