ಶಬ್ದದ ನಡಿಗೆ

ಯಾದಗಿರಿಯ ಬಳಿ ಭೀಮಾನದಿಯ ದಡದಲ್ಲಿ ನಿಂತು, ದೂರದಲ್ಲಿ ಬಟ್ಟೆ ಒಗೆಯುವವರನ್ನು ನೀವು ನೋಡಿರಬಹುದು. ಬಟ್ಟೆಯು ಕಲ್ಲಿಗೆ ಬಡಿದುದು ಮೊದಲು ಕಣ್ಣಿಗೆ ಕಾಣುವುದು. ಒಗೆಯುವವರ ಕೈ ಮತ್ತೆ ಮೇಲೆದ್ದ ಬಳಿಕ ಅದರ ಸಪ್ಪಳವು ಕಿವಿಗೆ ಮುಟ್ಟುವುದು. ಬೆಳಕು ಎವೆಯಿಕ್ಕುವುದರೊಳಗೆ ಬಂದುಬಿಡುವುದು; ಶಬ್ದವಾದರೋ ಗಾಳಿಯಲ್ಲಿ ಹಿಂದೆ ಬೀಳುವುದು. ೨೦ ಡಿಗ್ರಿ ಉಷ್ಣತೆಯ ಗಾಳಿಯಲ್ಲಿ ಅದರ ವೇಗವು ಸೆಕೆಂಡಿಗೆ ೩೪೩ ಮೀಟರು. ಈ ಸೀಮೆಯ ಬೇಸಗೆಯಲ್ಲಿ ಗಾಳಿಯು ೪೦ ಡಿಗ್ರಿಗೆ ಏರಿದಾಗ ಅದು ಸುಮಾರು ೩೫೫ ಮೀಟರಾಗುವುದು.

ಅದೇ ಶಬ್ದವು ನೀರಿನೊಳಗೆ ಸೆಕೆಂಡಿಗೆ ಸುಮಾರು ೧೪೮೦ ಮೀಟರು ಸಾಗುವುದು. ಯಾದಗಿರಿಯ ರೈಲುಕಂಬಿಯಂತಹ ಉಕ್ಕಿನಲ್ಲಿ ಅದರ ವೇಗವು ೫೦೦೦ ಮೀಟರನ್ನೂ ಮೀರುವುದು. ಶಹಾಪುರದಲ್ಲಿ ಮಲಗಿದ ಬುದ್ಧನಂತೆ ತೋರುವ ಬೆಟ್ಟವನ್ನು ನೋಡದವರಾರು? ಅಂತಹ ಗಟ್ಟಿ ಬಂಡೆಯೂ, ಬಿರುಕಿಲ್ಲದಿದ್ದರೆ, ಶಬ್ದವನ್ನು ಗಾಳಿಗಿಂತ ಹತ್ತು ಪಾಲಿಗೂ ಹೆಚ್ಚು ವೇಗದಿಂದ ಒಯ್ಯುವುದು.

೧೮೦೮ರಲ್ಲಿ ಪ್ಯಾರಿಸ್ ನಗರದಲ್ಲಿ ಬಿಯೋ ಎಂಬ ವಿಜ್ಞಾನಿಯು ೯೫೧ ಮೀಟರು ಉದ್ದದ ಕಬ್ಬಿಣದ ನೀರುಗೊಳವೆಯ ಒಂದು ತುದಿಯನ್ನು ಬಡಿಸಿ, ಇನ್ನೊಂದು ತುದಿಯಲ್ಲಿ ಆಲಿಸಿದನು. ಹೊಡೆತವು ಒಂದೇ, ಕೇಳಿಬಂದ ಸಪ್ಪಳಗಳು ಎರಡು! ಕಬ್ಬಿಣದೊಳಗಿನದು ಮೊದಲು ಬಂದಿತು. ಗಾಳಿಯೊಳಗಿನದು ಎರಡೂವರೆ ಸೆಕೆಂಡು ತಡವಾಗಿ ಬಂದಿತು.

ಭಾರವಾದ ವಸ್ತುವಿನಲ್ಲಿ ಶಬ್ದಕ್ಕೆ ವೇಗ ಹೆಚ್ಚೆಂದು ಇದರಿಂದ ತಿಳಿಯಬಾರದು. ಶಬ್ದವೆಂಬುದು ಕಣದಿಂದ ಕಣಕ್ಕೆ ದಾಟುವ ನೂಕು. ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿದ್ದರೆ ಆ ನೂಕು ಬೇಗನೆ ದಾಟುವುದು. ಭಾರವು ಅದನ್ನು ನಿಧಾನಗೊಳಿಸುವುದೇ ಹೊರತು ಹೆಚ್ಚಿಸದು. ಸೀಸವು ಕಬ್ಬಿಣಕ್ಕಿಂತ ಭಾರ, ಆದರೆ ಮೆತುವು. ಆದುದರಿಂದ ಸೀಸದ ಸರಳಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ೧೨೦೦ ಮೀಟರು ಮಾತ್ರ ನಡೆಯುವುದು.

ಗಾಳಿಯಲ್ಲಿನ ಈ ನಿಧಾನವೇ ನಮಗೊಂದು ಅಳತೆಗೋಲಾಗಿದೆ. ಮಿಂಚು ಕಂಡ ಮೇಲೆ ಗುಡುಗಿನವರೆಗೆ ಸೆಕೆಂಡುಗಳನ್ನೆಣಿಸಿ ಮೂರರಿಂದ ಭಾಗಿಸಿದರೆ, ಸಿಡಿಲು ಎಷ್ಟು ಕಿಲೋಮೀಟರು ದೂರದಲ್ಲಿ ಎರಗಿತೆಂಬುದು ತಿಳಿಯುವುದು. ಮೂವತ್ತು ಸೆಕೆಂಡಾದರೆ ಹತ್ತು ಕಿಲೋಮೀಟರು. ಅದು ದೂರವೆಂದು ಸುರಪುರದ ಬಯಲು ಹೊಲಗಳಲ್ಲಿ ದುಡಿಯುವವರು ನಂಬಿ ಕೂಡಬಾರದು; ಮುಂದಿನ ಸಿಡಿಲು ಅಷ್ಟು ದೂರವನ್ನೂ ದಾಟಿ ಬರಬಲ್ಲುದು. ಗುಡುಗು ಕೇಳಿಸಿದೊಡನೆಯೇ ಕೆಲಸ ಬಿಟ್ಟು, ಮರದಡಿಗೆ ಹೋಗದೆ, ಗಟ್ಟಿಯಾದ ಕಟ್ಟಡವನ್ನು ಸೇರಬೇಕು. ಕೊನೆಯ ಗುಡುಗಿನ ತರುವಾಯ ಅರ್ಧ ಗಂಟೆ ಅಲ್ಲಿಯೇ ಇರಬೇಕು.

ತಾಯಂದಿರೇ, ಈ ಎಣಿಕೆಯನ್ನು ಮಕ್ಕಳಿಗೆ ಅವಶ್ಯವಾಗಿ ಕಲಿಸಿರಿ. ಆದರೆ ಮನೆಯೊಳಗೆ ಕುಳಿತು ಕಲಿಸಿರಿ.