ಹೆರಿಗೆ ಹೊತ್ತಿನಲ್ಲಿ ನುರಿತ ಆರೈಕೆ: ಅಡ್ಡಿಯಾಗುವ ಮೂರು ವಿಳಂಬಗಳು

ಹೆರಿಗೆಯಲ್ಲಿ ನುರಿತ ಆರೈಕೆ ಎಂದರೆ ತರಬೇತಿ ಪಡೆದ ವೈದ್ಯರು, ನರ್ಸ್ ಅಥವಾ ಮಿಡ್‌ವೈಫ್ ಜೊತೆಗಿರುವುದು. ಅತಿ ರಕ್ತಸ್ರಾವ, ಏರಿದ ರಕ್ತದೊತ್ತಡ, ಸೋಂಕು: ತಾಯಂದಿರ ಜೀವಕ್ಕೆ ಎರವಾಗುವ ಇವುಗಳನ್ನು ಹೊತ್ತಿಗೆ ಸರಿಯಾಗಿ ಗುರುತಿಸಬಲ್ಲವರು ಇವರೇ.

ಈ ಆರೈಕೆಯನ್ನು ತಪ್ಪಿಸುವ ಮೂರು ವಿಳಂಬಗಳನ್ನು ಸೆರೀನ್ ತಾಡಿಯಸ್ ಮತ್ತು ಡೆಬೊರಾ ಮೇನ್ 1994ರಲ್ಲಿ ವಿವರಿಸಿದರು.

ಮೊದಲನೆಯದು, ನಿರ್ಧಾರದ ವಿಳಂಬ. ಹೆಣ್ಣಿನ ಓದು, ಕೈಯಲ್ಲಿರುವ ಹಣ, ಮನೆಯಲ್ಲಿ ಅವಳ ಮಾತಿಗಿರುವ ಬೆಲೆ ಇಲ್ಲಿ ಮುಖ್ಯ. ಗಂಡ, ಅತ್ತೆ ಒಪ್ಪುವವರೆಗೆ ಕಾಯಬೇಕಾದರೆ ಹೊತ್ತು ಮೀರುತ್ತದೆ. ಬಸುರಿಯಾಗಿದ್ದಾಗ ತಪಾಸಣೆಗೆ ಹೋದವರು ಹೆರಿಗೆಗೂ ಆಸ್ಪತ್ರೆಗೆ ಹೋಗುವ ಸಾಧ್ಯತೆ ಹೆಚ್ಚು.

ಎರಡನೆಯದು, ತಲುಪುವ ವಿಳಂಬ. ದೂರ, ಹದಗೆಟ್ಟ ರಸ್ತೆ, ರಾತ್ರಿ ಸಿಗದ ವಾಹನ.

ಮೂರನೆಯದು, ಆಸ್ಪತ್ರೆಯೊಳಗಿನ ವಿಳಂಬ. ಸಿಬ್ಬಂದಿ, ರಕ್ತ, ಔಷಧಿಯ ಕೊರತೆ. ಬೈಗುಳ ಕೇಳಿಸಿಕೊಂಡವಳು ಮತ್ತೆ ಬರಲು ಹಿಂಜರಿಯುತ್ತಾಳೆ.

ಭಾರತದಲ್ಲಿ 2005ರ ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರು, 108 ಆಂಬುಲೆನ್ಸ್ ಮೊದಲೆರಡು ಅಡ್ಡಿಗಳನ್ನು ತಗ್ಗಿಸಿವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 2005-06ರಲ್ಲಿ ಶೇ. 39ರಷ್ಟಿದ್ದ ಆಸ್ಪತ್ರೆ ಹೆರಿಗೆ 2019-21ರಲ್ಲಿ ಶೇ. 89ಕ್ಕೆ ಏರಿತು. ಕರ್ನಾಟಕದಲ್ಲಿ ಅದು ಶೇ. 65ರಿಂದ 97ಕ್ಕೆ ಮುಟ್ಟಿತು.

ಆಸ್ಪತ್ರೆಯ ಬಾಗಿಲು ತಲುಪಿದರಷ್ಟೇ ಸಾಲದು. ಒಳಗೆ ಒಳ್ಳೆಯ ಚಿಕಿತ್ಸೆಯೂ ಗೌರವವೂ ಪ್ರತಿ ತಾಯಿಗೆ ಸಿಗಲೇಬೇಕು.