ಶುಗರ್ ಮಾತ್ರೆ ಮರೆವಿಗೆ ಮದ್ದಾದೀತೇ?

ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಲ್ಲಿ ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿದ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಉರುಳುವ ಸದ್ದಿನಿಂದಲೇ ಸುಲಿಯುವ ಹೊತ್ತನ್ನು ಹೇಳುವವರು ಹಿರಿಯರು. ಅಂಥವರಿಗೆ ಕಾಯಿಯ ಲೆಕ್ಕ ತಪ್ಪತೊಡಗಿದರೆ ಮನೆಯವರು 'ವಯಸ್ಸಾಯ್ತು, ಅರಳುಮರಳು' ಎಂದು ಸುಮ್ಮನಾಗುತ್ತಾರೆ. ಅವರ ಸಕ್ಕರೆ ಕಾಯಿಲೆಗೂ ಈ ಮರೆವಿಗೂ ನಂಟಿರಬಹುದೆಂದು ಯೋಚಿಸುವವರು ಕಡಿಮೆ.

ನಂಟಿದೆ. ಮಧುಮೇಹಿಗಳಲ್ಲಿ ಮರೆಗುಳಿತನದ ಅಪಾಯ ಹೆಚ್ಚುಕಡಿಮೆ ಇಮ್ಮಡಿ ಎಂದು ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಅಧ್ಯಯನ 1999ರಲ್ಲೇ ತೋರಿಸಿತು. ರಕ್ತದಲ್ಲಿ ಏರಿದ ಸಕ್ಕರೆ ಮೆದುಳಿನ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತದೆ. ಮರೆಗುಳಿತನದ ಒಂದು ಬಗೆಯಾದ ಆಲ್‌ಝೈಮರ್ಸ್ ಬಂದ ಮೆದುಳಿನಲ್ಲಿ ಇನ್ಸುಲಿನ್‌ನ ಮಾತೂ ಸರಿಯಾಗಿ ನಡೆಯುವುದಿಲ್ಲ. ಹಾಗಾದರೆ ಶುಗರ್ ಔಷಧವನ್ನೇ ಮರೆವಿಗೂ ಕೊಡಬಾರದೇಕೆ? ಹೊಸ ಔಷಧ ಹುಡುಕುವ ಖರ್ಚಿಲ್ಲ, ಅಡ್ಡಪರಿಣಾಮಗಳು ಮೊದಲೇ ಗೊತ್ತು. ಆಸೆ ಹುಟ್ಟಿದ್ದು ಹೀಗೆ.

ಪರೀಕ್ಷೆಗಳು ಮಾತ್ರ ಒಂದರ ಹಿಂದೊಂದು ಸೋತವು. ಪಯೋಗ್ಲಿಟಾಝೋನ್ ಮಾತ್ರೆಯ ದೊಡ್ಡ ಪ್ರಯೋಗ 2018ರಲ್ಲಿ ನಡುವೆಯೇ ನಿಂತಿತು. ಮೂಗಿಗೆ ಸಿಂಪಡಿಸುವ ಇನ್ಸುಲಿನ್ 2020ರಲ್ಲಿ ಕೈಕೊಟ್ಟಿತು. ಎಲ್ಲರ ಕಣ್ಣಿದ್ದದ್ದು ಸೆಮಾಗ್ಲುಟೈಡ್ ಎಂಬ ಶುಗರ್ ಔಷಧದ ಮೇಲೆ. ಆಲ್‌ಝೈಮರ್ಸ್‌ನ ಆರಂಭದ ಹಂತದ ಸುಮಾರು 3,800 ರೋಗಿಗಳ ಮೇಲೆ ಎರಡು ವರ್ಷ ಪ್ರಯೋಗಿಸಿದರೂ ಕಾಯಿಲೆಯ ಓಟ ನಿಧಾನವಾಗಲಿಲ್ಲ ಎಂದು 2025ರ ನವೆಂಬರ್‌ನಲ್ಲಿ ಅದನ್ನು ತಯಾರಿಸುವ ನೋವೋ ನಾರ್ಡಿಸ್ಕ್ ಕಂಪನಿಯೇ ಪ್ರಕಟಿಸಿತು. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆಯ ಕುರಿತೂ ಪರೀಕ್ಷೆ ನಡೆದಿದೆ. ಸದ್ಯಕ್ಕಂತೂ ಮರೆವಿಗೆಂದು ಈ ಔಷಧಗಳನ್ನು ಯಾರೂ ಕೊಳ್ಳಬೇಕಿಲ್ಲ.

ನಮ್ಮ ತೆಂಗಿನ ಸೀಮೆಗೆ ಇನ್ನೊಂದು ಮಾತು. ಕೊಬ್ಬರಿ ಎಣ್ಣೆ ಮರೆವನ್ನು ವಾಸಿಮಾಡುತ್ತದೆಂಬ ಸುದ್ದಿ ಮೊಬೈಲ್‌ಗಳಲ್ಲಿ ಓಡಾಡುತ್ತಿರುತ್ತದೆ. ಸಕ್ಕರೆ ಬಳಸಲಾರದ ಮೆದುಳಿಗೆ ಅದು ಬದಲಿ ಇಂಧನವಾಗಿ ಕೀಟೋನ್ ಒದಗಿಸುತ್ತದೆ ಎಂಬುದು ವಾದ. ಆದರೆ ಆ ಎಣ್ಣೆಯಲ್ಲಿ ಅರ್ಧದಷ್ಟಿರುವ ಲಾರಿಕ್ ಆಮ್ಲದಿಂದ ಕೀಟೋನ್ ಹುಟ್ಟುವುದು ಕಡಿಮೆ. ರೋಗ ತಡೆದ ಗಟ್ಟಿ ಪುರಾವೆಯೂ ಇಲ್ಲ. ಬೆಲೆ ಕುಸಿದಾಗಲೆಲ್ಲ ನಲುಗುವ ಬೆಳೆಗಾರರ ಕಷ್ಟ ಬಲ್ಲೆ, ಆದರೂ ಸುಳ್ಳು ಭರವಸೆ ಹಚ್ಚಿ ಎಣ್ಣೆ ಮಾರುವುದು ತಪ್ಪೆಂದೇ ಹೇಳುತ್ತೇನೆ.

ಕೈಯಲ್ಲೇ ಇರುವ ಕೆಲಸ ಬೇರೆ ಇದೆ. ಬಹುಕಾಲ ಮೆಟ್‌ಫಾರ್ಮಿನ್ ನುಂಗುವವರಿಗೆ, ಅದರಲ್ಲೂ ಸಸ್ಯಾಹಾರಿಗಳಿಗೆ, ಬಿ12 ಕೊರತೆ ಕಾಡಬಹುದು. ಅದರಿಂದಲೂ ಮರೆವು ಬರುತ್ತದೆ, ಬೇಗ ಪತ್ತೆಯಾದರೆ ವಾಸಿಯಾಗುತ್ತದೆ. ಇನ್ನೊಂದು ಎಚ್ಚರಿಕೆ: ಕೊಬ್ಬರಿ ಮಂಡಿಯಲ್ಲಿ ಕಾದು ಊಟ ತಪ್ಪಿಸಿ, ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆ ಮಾತ್ರ ನುಂಗಿದ ದಿನ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ಮೈ ಬೆವರಿ, ಕೈ ನಡುಗಿ, ಮಾತು ತೊದಲುತ್ತದೆ. ಹೀಗೆ ಪದೇ ಪದೇ ಆದರೆ ಮುದಿ ಮೆದುಳಿಗೆ ಪೆಟ್ಟು.

ನಮ್ಮ ಹಳ್ಳಿಗರ ಮೆದುಳು ಹೇಗೆ ಮುಪ್ಪಾಗುತ್ತದೆಂದು ತಿಳಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದವರನ್ನು ವರ್ಷಗಳ ಕಾಲ ಹಿಂಬಾಲಿಸಿ ಅಧ್ಯಯನ ನಡೆಸಿದೆ. ಗುರಿ 10,000 ಮಂದಿ. ಅಂಥ ಲೆಕ್ಕ ತೆಂಗಿನ ಸೀಮೆಗೂ ಬೇಕು.

ಅಲ್ಲಿಯವರೆಗೆ, ಮನೆಯಲ್ಲಿ ಶುಗರ್ ಇರುವ ಹಿರಿಯರಿಗೆ ಮರೆವು ಕಂಡರೆ ವಯಸ್ಸಿನ ಮೇಲೆ ಹಾಕಿ ಕೂರಬೇಡಿ. ನುಂಗುವ ಮಾತ್ರೆಗಳ ಚೀಟಿ ಹಿಡಿದು ಆಸ್ಪತ್ರೆಗೆ ಕರೆದೊಯ್ಯಿರಿ, ಬಿ12 ಪರೀಕ್ಷೆ ಬೇಕೇ ಎಂದು ಕೇಳಿ.